ಮೇಂಟೇನರ್ ಸಿಡುಕಿದರೆ ಸಾಫ್ಟ್‌ವೇರ್ ಕೆಟ್ಟಿತೇ?

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಮಧ್ಯಮ ಗಾತ್ರದ ಕಂಪನಿಯಾಗಲಿ, ಸರಸ್ವತಿಪುರಂನ ನರ್ಸಿಂಗ್ ಹೋಮ್ ಆಗಲಿ, ಮಂಡ್ಯದ ಸಹಕಾರ ಸಂಘವಾಗಲಿ, ಅಲ್ಲಿನ ಸರ್ವರ್‌ಗಳನ್ನು ಕಾಯುವ ತಂತ್ರಾಂಶಗಳ ಹೆಸರು ಹೆಚ್ಚುಕಡಿಮೆ ಒಂದೇ. ದೂರದಿಂದ ಲಾಗಿನ್ ಆಗಲು ಓಪನ್‌ಎಸ್‌ಎಸ್‌ಎಚ್, ವೆಬ್ ಸಂಪರ್ಕದ ಗೂಢಲಿಪಿಗೆ ಓಪನ್‌ಎಸ್‌ಎಸ್‌ಎಲ್, ಶಾಖೆಯಿಂದ ಶಾಖೆಗೆ ಸುರಕ್ಷಿತ ಸುರಂಗ ಹಾಕಲು ವೈರ್‌ಗಾರ್ಡ್, ಫೈರ್‌ವಾಲ್‌ಗೆ ಪಿಎಫ್‌ಸೆನ್ಸ್, ಪಾಸ್‌ವರ್ಡ್‌ಗಳಿಗೆ ಕೀಪಾಸ್. ಇವುಗಳಿಗೆ ಯಾರೂ ಕರಾರು ಬರೆದುಕೊಂಡಿಲ್ಲ. ಹೆಚ್ಚಿನವಕ್ಕೆ, ಕೆಟ್ಟರೆ ಕೇಳಲು ಎದುರಿಗೆ ಕಂಪನಿಯೂ ಇಲ್ಲ. 'ಸೋರ್ಸ್ ಕೋಡ್ ಬಯಲಲ್ಲೇ ಇದೆಯಲ್ಲ' ಎಂಬ ಸಮಾಧಾನವೊಂದಿದೆ, ಆದರೆ ಆ ಮೂರು ಕಚೇರಿಗಳಲ್ಲಿ ಅದನ್ನು ಓದುವವರು ಯಾರೂ ಇರುವುದಿಲ್ಲ.

ಹಾಗಾದರೆ ನಮ್ಮ ನಂಬಿಕೆ ಕೊನೆಗೆ ನಿಂತಿರುವುದು ಆ ಕೋಡನ್ನು ತಿದ್ದಿ, ಕಾಪಾಡಿ, ಬಿಡುಗಡೆ ಮಾಡುವವರ, ಅಂದರೆ ಮೇಂಟೇನರ್‌ಗಳ ಮೇಲೆ. ಅವರ ಬಗ್ಗೆ ನಮಗೆ ಗೊತ್ತಾಗುವುದು ಅವರು ಸಾರ್ವಜನಿಕವಾಗಿ ನಡೆದುಕೊಳ್ಳುವ ರೀತಿಯಿಂದ. ಮೇಂಟೇನರ್ ಒಬ್ಬರು ಯಾರ ಮೇಲೋ ರೇಗಿದರೆ 'ಇವರ ಸಾಫ್ಟ್‌ವೇರ್ ಬಿಟ್ಟುಬಿಡೋಣವೇ' ಎಂಬ ಪ್ರಶ್ನೆ ಏಳುತ್ತದೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ನಡತೆಯ ಯಾವ ಭಾಗವನ್ನು ಲೆಕ್ಕಕ್ಕೆ ಹಿಡಿಯಬೇಕು ಎಂಬಲ್ಲಿ ಹೆಚ್ಚಿನವರು ಎಡವುತ್ತಾರೆ. ಮಾತಿನ ಬಿಸಿಯನ್ನು ನೋಡುತ್ತಾರೆ. ದೋಷದ ವರದಿ ಬಂದಾಗ ಏನು ಮಾಡಿದರು, ಬಿಡುಗಡೆಯ ಹಕ್ಕನ್ನು ಯಾರಿಗೆ ಹೇಗೆ ಕೊಟ್ಟರು, ಬಿಡುಗಡೆ ಅಸಲಿ ಎಂದು ಸಹಿ ಹಾಕುವ ಡಿಜಿಟಲ್ ಕೀ ಯಾರ ಬಳಿ ಇದೆ ಎಂಬುದನ್ನು ನೋಡುವುದಿಲ್ಲ.

ಸವಿಮಾತು ಎಷ್ಟು ಮೋಸ ಮಾಡಬಲ್ಲದು ಎನ್ನುವುದಕ್ಕೆ ಎಕ್ಸ್‌ಝಡ್ ಯೂಟಿಲ್ಸ್ ಪ್ರಕರಣಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಕಡತಗಳನ್ನು ಕುಗ್ಗಿಸುವ ಈ ಪುಟ್ಟ ತಂತ್ರಾಂಶ ಬಹುತೇಕ ಎಲ್ಲ ಲಿನಕ್ಸ್ ಯಂತ್ರಗಳಲ್ಲೂ ಇದೆ. ಅದನ್ನು ವರ್ಷಗಟ್ಟಲೆ ಹೆಚ್ಚುಕಡಿಮೆ ಒಬ್ಬರೇ, ಲಾಸ್ಸೆ ಕೊಲಿನ್, ಸಂಬಳವಿಲ್ಲದೆ ನೋಡಿಕೊಂಡರು. 2021ರ ಕೊನೆಯಲ್ಲಿ 'ಜಿಯಾ ಟಾನ್' ಎಂಬ ಹೆಸರಿನ ಖಾತೆಯಿಂದ ಸಣ್ಣಪುಟ್ಟ ಪ್ಯಾಚ್‌ಗಳು, ಅಂದರೆ ಕೋಡಿನ ತಿದ್ದುಪಡಿಗಳು, ಬರತೊಡಗಿದವು. 2022ರಲ್ಲಿ ಬೇರೆ ಕೆಲವು ಹೆಸರುಗಳು ಕಾಣಿಸಿಕೊಂಡು, ಕೆಲಸ ನಿಧಾನವಾಯಿತೆಂದು, ಯೋಜನೆಯನ್ನು ಬೇರೆಯವರಿಗೆ ಬಿಟ್ಟುಕೊಡಬಾರದೇಕೆಂದು ಮೇಲಿಂದ ಮೇಲೆ ಚುಚ್ಚಿದವು. ಆ ಹೆಸರುಗಳಿಗೆ ಹಿಂದೂ ಮುಂದೂ ಚರಿತ್ರೆಯೇ ಇರಲಿಲ್ಲ. ತಮಗೆ ಬಹುಕಾಲದ ಮಾನಸಿಕ ಆರೋಗ್ಯದ ತೊಂದರೆ ಇದೆ, ಇದು ಸಂಬಳವಿಲ್ಲದ ಹವ್ಯಾಸದ ಕೆಲಸ ಎಂದು ಕೊಲಿನ್ ಬಹಿರಂಗವಾಗಿಯೇ ಹೇಳಿಕೊಳ್ಳಬೇಕಾಯಿತು. 2023ರ ಹೊತ್ತಿಗೆ ಬಿಡುಗಡೆ ಮಾಡುವ ಹಕ್ಕು ಜಿಯಾ ಟಾನ್ ಕೈಸೇರಿತ್ತು.

2024ರ ಫೆಬ್ರುವರಿಯ 5.6.0, ಮಾರ್ಚ್‌ನ 5.6.1, ಎರಡೂ ಆವೃತ್ತಿಗಳಲ್ಲಿ ಹಿಂಬಾಗಿಲು, ಅಂದರೆ ಕದ್ದು ಒಳಬರುವ ಗುಪ್ತ ದಾರಿ, ಇತ್ತು. ಅದನ್ನು ಅಡಗಿಸಿದ ಬಗೆ ಕಲಿಯಬೇಕಾದ್ದು. ಪರೀಕ್ಷೆಗೆಂದು ಇಟ್ಟ ಎರಡು ಕಡತಗಳೊಳಗೆ ಕೋಡ್ ಹುದುಗಿಸಲಾಗಿತ್ತು. ಅವು ಎಲ್ಲರೂ ನೋಡಬಹುದಾದ ಗಿಟ್ ಎಂಬ ಕೋಡ್ ಭಂಡಾರದಲ್ಲೇ ಇದ್ದವು. ಆದರೆ ಅವನ್ನು ಬಿಚ್ಚಿ ಜೋಡಿಸುವ ಬಿಲ್ಡ್ ಸ್ಕ್ರಿಪ್ಟಿನ ಸಾಲು ಭಂಡಾರದಲ್ಲಿ ಇರಲಿಲ್ಲ. ಬಿಡುಗಡೆಗೆಂದು ಕಟ್ಟಿಕೊಡುವ ಕಡತಗಳ ಗಂಟಿನಲ್ಲಿ, ಅಂದರೆ ಟಾರ್‌ಬಾಲ್‌ನಲ್ಲಿ, ಮಾತ್ರ ಇತ್ತು. ಡೆಬಿಯನ್ ಅಥವಾ ಆರ್‌ಪಿಎಂ ಪ್ಯಾಕೇಜ್ ಕಟ್ಟುವಾಗ, ಅದೂ 64 ಬಿಟ್ ಇಂಟೆಲ್ ಮಾದರಿಯ ಲಿನಕ್ಸ್‌ನಲ್ಲಿ ಮಾತ್ರ, ಅದು ಜಾಗೃತವಾಗುತ್ತಿತ್ತು. ಓಪನ್‌ಎಸ್‌ಎಸ್‌ಎಚ್‌ಗೆ ಎಕ್ಸ್‌ಝಡ್‌ನ ಲೈಬ್ರರಿ (ಬೇರೆ ತಂತ್ರಾಂಶಗಳು ಎರವಲು ಪಡೆಯುವ ಕೋಡ್) ಬೇಕೇ ಇಲ್ಲ. ಕೆಲವು ಡಿಸ್ಟ್ರೊಗಳು (ಡೆಬಿಯನ್‌ನಂಥ ಲಿನಕ್ಸ್ ವಿತರಣೆಗಳು), ಯಂತ್ರದ ಸೇವೆಗಳನ್ನು ನಡೆಸುವ ಸಿಸ್ಟಂಡಿಗೆ ಸೂಚನೆ ಕಳಿಸಲೆಂದು ಸೇರಿಸಿದ ಪ್ಯಾಚ್‌ನಿಂದಾಗಿ ಅದು ಸುತ್ತು ದಾರಿಯಲ್ಲಿ ಒಳಬಂದಿತ್ತು. ಹಿಂಬಾಗಿಲನ್ನು ತೆರೆಯಬಲ್ಲ ಖಾಸಗಿ ಕೀ ದಾಳಿಕೋರರ ಬಳಿ ಮಾತ್ರ ಇತ್ತು.

ಇದನ್ನು ಹಿಡಿದವರು ಪೋಸ್ಟ್‌ಗ್ರೆಸ್ ಡೇಟಾಬೇಸಿನ ಮೇಲೆ ಕೆಲಸ ಮಾಡುವ ಆಂಡ್ರೆಸ್ ಫ್ರಾಯಿಂಡ್. ಲಾಗಿನ್‌ಗೆ ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆ, ಪ್ರೊಸೆಸರ್ ಸುಮ್ಮನೆ ದುಡಿಯುತ್ತಿದೆ ಎಂಬುದನ್ನು ಬೆನ್ನು ಹತ್ತಿ, 2024ರ ಮಾರ್ಚ್ 29ರಂದು ಎಲ್ಲವನ್ನೂ ಬಹಿರಂಗಪಡಿಸಿದರು. ಸಿವಿಇ-2024-3094 ಎಂಬ ಸಂಖ್ಯೆ ಪಡೆದ (ಬಹಿರಂಗವಾದ ಲೋಪಗಳನ್ನು ಗುರುತಿಸುವ ಕ್ರಮಸಂಖ್ಯೆಯೇ ಸಿವಿಇ) ಈ ಲೋಪಕ್ಕೆ ತೀವ್ರತೆಯಲ್ಲಿ ಹತ್ತಕ್ಕೆ ಹತ್ತು. ಡೆಬಿಯನ್‌ನ ಪ್ರಯೋಗ ಶಾಖೆಗಳು, ಫೆಡೋರಾ ರಾಹೈಡ್, ಓಪನ್‌ಸುಸೆ ಟಂಬಲ್‌ವೀಡ್‌ನಂಥವುಗಳಿಗೆ ಅದು ತಲುಪಿತ್ತು. ಮೈಸೂರಿನ ಕಚೇರಿಗಳಲ್ಲಿ ಸಾಮಾನ್ಯವಾಗಿ ಕಾಣುವ ಉಬುಂಟು 22.04, ಡೆಬಿಯನ್ 12ರಂಥ ಸ್ಥಿರ ಆವೃತ್ತಿಗಳು ಪಾರಾದವು.

ಈ ಕಥೆಯಲ್ಲಿ ಜಿಯಾ ಟಾನ್ ಖಾತೆಯ ನಡತೆಗೆ ಒಂದು ಕುಂದೂ ಇರಲಿಲ್ಲ. ಸೌಜನ್ಯ, ತಾಳ್ಮೆ, ಶ್ರಮ ಎಲ್ಲವೂ ಇತ್ತು. ಒರಟಾಗಿ ನಡೆದುಕೊಂಡದ್ದು ಒತ್ತಡ ಹಾಕಿದ ಆ ಅನಾಮಿಕ ಹೆಸರುಗಳು. ದಣಿದ ಮೇಂಟೇನರ್ ಮೇಲೆ ಸಾರ್ವಜನಿಕವಾಗಿ ಹರಿಹಾಯುವುದೇ ಇಲ್ಲಿ ದಾಳಿಯ ಮೊದಲ ಹಂತವಾಗಿತ್ತು. ಹಾಗಾಗಿ ಯಾವುದಾದರೂ ಯೋಜನೆಯ ಚರ್ಚೆಗಳಲ್ಲಿ ಮೇಂಟೇನರ್ ಸಿಡುಕಿದ್ದು ಕಂಡರೆ, ಎದುರಿಗಿದ್ದವರು ಯಾರು, ಅವರು ಏನು ಕೇಳುತ್ತಿದ್ದರು ಎಂಬುದನ್ನೂ ಓದಬೇಕು. ಹಳೆಯ ಚರಿತ್ರೆಯಿಲ್ಲದ ಖಾತೆಗಳು ಒಂದೇ ಸಮನೆ 'ಅಧಿಕಾರ ಬಿಟ್ಟುಕೊಡಿ' ಎನ್ನುತ್ತಿದ್ದರೆ ಅನುಮಾನ ತಿರುಗಬೇಕಾದ್ದು ಅತ್ತ ಕಡೆಗೆ.

ಇದರರ್ಥ ಮೇಂಟೇನರ್ ಹೇಗೆ ಬೇಕಾದರೂ ಮಾತಾಡಬಹುದು ಎಂದಲ್ಲ. ನಡತೆಗೆ ತಾಂತ್ರಿಕ ಪರಿಣಾಮವಿದೆ, ಅದು ಮುಖ್ಯವಾಗಿ ಒಂದೇ ದಾರಿಯಲ್ಲಿ ಬರುತ್ತದೆ. ದೋಷ ಹುಡುಕಿದವರನ್ನು ಹೀಯಾಳಿಸಿದರೆ ಮುಂದಿನ ದೋಷದ ವರದಿ ಬರುವುದಿಲ್ಲ. ಹುಡುಕಿದವರು ಸುಮ್ಮನಾಗುತ್ತಾರೆ, ಇಲ್ಲವೇ ನೇರವಾಗಿ ಬಯಲಿಗೆ ಹಾಕುತ್ತಾರೆ, ಇಲ್ಲವೇ ಮಾರಿಕೊಳ್ಳುತ್ತಾರೆ. ಆದ್ದರಿಂದ ನಮ್ಮ ಅಳತೆಗೋಲು ಹೀಗಿರಬೇಕು: ಜಗಳ ಮುಗಿದ ಮೇಲೆ ದೋಷ ಸರಿಹೋಯಿತೇ? ವರದಿ ಮಾಡುವ ದಾರಿ ತೆರೆದೇ ಉಳಿಯಿತೇ?

ಈ ಅಳತೆಯಿಂದ ಕೀಪಾಸ್ ನೋಡಿ. 2023ರ ಜನವರಿಯಲ್ಲಿ ಒಂದು ತಕರಾರು ಎದ್ದಿತು. ಯಾರಾದರೂ ನಿಮ್ಮ ಕಂಪ್ಯೂಟರಿನ ಕೀಪಾಸ್ ಸಂರಚನಾ ಕಡತವನ್ನು ತಿದ್ದಿದರೆ, ಮುಂದಿನ ಸಲ ನೀವು ತೆರೆದಾಗ ಎಲ್ಲ ಪಾಸ್‌ವರ್ಡ್‌ಗಳೂ ಸದ್ದಿಲ್ಲದೆ ಬೇರೆ ಕಡತಕ್ಕೆ ರಫ್ತಾಗುವಂತೆ ಮಾಡಬಹುದು. ಅಭಿವೃದ್ಧಿಕಾರರು ಇದನ್ನು ಲೋಪವೆಂದು ಒಪ್ಪಲಿಲ್ಲ. ನಿಮ್ಮ ಕಡತ ತಿದ್ದುವಷ್ಟು ಪ್ರವೇಶ ಪಡೆದವನು ಕೀಲಿಮಣೆಯನ್ನೇ ಕದ್ದು ಓದಬಲ್ಲ, ಅದನ್ನು ಕೀಪಾಸ್ ತಡೆಯಲಾರದು ಎಂಬುದು ಅವರ ವಾದ. ತಾಂತ್ರಿಕವಾಗಿ ಇದು ಸರಿಯಾದ ವಾದವೇ. ಮೊಂಡುತನ ಎಂದು ಅನೇಕರು ಬೈದರು. ಆದರೂ ಸ್ವಲ್ಪ ದಿನಗಳಲ್ಲೇ ಬಂದ 2.53.1 ಆವೃತ್ತಿಯಲ್ಲಿ, ರಫ್ತು ಮಾಡಲು ಮತ್ತೆ ಮಾಸ್ಟರ್ ಕೀ ಕೊಡಲೇಬೇಕು ಎಂಬ ಬದಲಾವಣೆ ಇತ್ತು. ಅದೇ ವರ್ಷ ಮೇ ತಿಂಗಳಲ್ಲಿ ಇನ್ನೊಂದು ಲೋಪ ಹೊರಬಂತು: ಮೆಮೊರಿಯಲ್ಲಿ ಉಳಿದ ಚೂರುಗಳಿಂದ ಮಾಸ್ಟರ್ ಪಾಸ್‌ವರ್ಡನ್ನು, ಮೊದಲ ಅಕ್ಷರ ಬಿಟ್ಟು, ಜೋಡಿಸಿಕೊಳ್ಳಬಹುದಿತ್ತು. ಈ ಸಲ ವಾದವಿಲ್ಲ. ಜೂನ್ ಆರಂಭದಲ್ಲೇ 2.54 ಬಂತು. ಒಬ್ಬರೇ ಅಭಿವೃದ್ಧಿಕಾರರು ಒಂದು ವರದಿಯನ್ನು ಕಾರಣ ಕೊಟ್ಟು ತಳ್ಳಿದರು, ಇನ್ನೊಂದನ್ನು ತಕ್ಷಣ ಸರಿಪಡಿಸಿದರು. ಕಾರಣ ಕೊಟ್ಟು 'ಇಲ್ಲ' ಎನ್ನುವ ಮೇಂಟೇನರ್ ನನ್ನ ಲೆಕ್ಕದಲ್ಲಿ ಅಂಕ ಕಳೆದುಕೊಳ್ಳುವುದಿಲ್ಲ.

ಅಂತರ್ಜಾಲದಲ್ಲಿ ದತ್ತಾಂಶ ಕಳಿಸಲು, ತರಲು ಬಳಸುವ ಕರ್ಲ್ ತಂತ್ರಾಂಶದ ಮೇಂಟೇನರ್ ಡೇನಿಯಲ್ ಸ್ಟೆನ್‌ಬರ್ಗ್ ನಡೆದುಕೊಂಡ ರೀತಿ ಇನ್ನೂ ಒಳ್ಳೆಯ ಮಾದರಿ. 2023ರ ಅಕ್ಟೋಬರ್ ಮೊದಲ ವಾರದಲ್ಲಿ, ಬಹುಕಾಲದಲ್ಲೇ ಕೆಟ್ಟದಾದ ಲೋಪವೊಂದಿದೆ, 11ನೇ ತಾರೀಖು 8.4.0 ಆವೃತ್ತಿ ಬರುತ್ತದೆ, ಸಿದ್ಧರಾಗಿರಿ ಎಂದು ಮೊದಲೇ ಹೇಳಿದರು. ದಾಳಿಕೋರರಿಗೆ ಸುಳಿವು ಸಿಗದಂತೆ ಎಲ್ಲಿ, ಯಾವ ಆವೃತ್ತಿಯಿಂದ ಎಂಬುದನ್ನು ಮಾತ್ರ ಹೇಳಲಿಲ್ಲ. 11ರಂದು ಸಾಕ್ಸ್5 ಪ್ರಾಕ್ಸಿಯ ಭಾಗದಲ್ಲಿ ಉದ್ದನೆಯ ಹೋಸ್ಟ್ ಹೆಸರು ಬಂದಾಗ ಮೆಮೊರಿ ಉಕ್ಕಿ ಹರಿಯುತ್ತದೆ, ಅದು ತಾವೇ ಬರೆದ ಕೋಡ್, 2020ರ 7.69.0 ಆವೃತ್ತಿಯಿಂದಲೂ ಇತ್ತು ಎಂದು ಸಾಲು ಸಾಲಾಗಿ ವಿವರಿಸಿದರು. ನಂತರದ ವರ್ಷಗಳಲ್ಲಿ ಎಐ ಹೆಣೆದ ಹುಸಿ ವರದಿಗಳು ರಾಶಿ ಬಿದ್ದಾಗ ಅವರು ಬಹಿರಂಗವಾಗಿ ಸಿಟ್ಟಾದರು, 2026ರ ಜನವರಿ ಕೊನೆಗೆ ಲೋಪ ಹುಡುಕಿದವರಿಗೆ ಹಣ ಕೊಡುವ ಬಹುಮಾನ ಯೋಜನೆಯನ್ನೇ ನಿಲ್ಲಿಸಿದರು. ಆ ಸಿಟ್ಟಿನಿಂದ ಕರ್ಲ್ ಮೇಲಿನ ನಂಬಿಕೆ ಕುಗ್ಗಬೇಕಿಲ್ಲ. ನಿಂತದ್ದು ಹಣ. ವರದಿ ಮಾಡುವ ದಾರಿ ನಿಲ್ಲಲಿಲ್ಲ.

ನಮ್ಮ ಭಾಗದ ಕಚೇರಿ, ಕಾಲೇಜುಗಳಿಗೆ ಹತ್ತಿರದ ಉದಾಹರಣೆ ಪಿಎಫ್‌ಸೆನ್ಸ್ ಮತ್ತು ವೈರ್‌ಗಾರ್ಡ್‌ನದು. ಪಿಎಫ್‌ಸೆನ್ಸ್ ನಡೆಸುವ ನೆಟ್‌ಗೇಟ್ ಕಂಪನಿ, ಪಿಎಫ್‌ಸೆನ್ಸ್‌ಗೆ ಅಡಿಪಾಯವಾದ ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂನ ಕರ್ನಲ್‌ಗೆ (ತಿರುಳಿಗೆ) ವೈರ್‌ಗಾರ್ಡ್ ಬರೆಸಿತು. ಅದು ಪಿಎಫ್‌ಸೆನ್ಸ್ 2.5.0ರಲ್ಲಿ ಬಳಕೆದಾರರ ಕೈಸೇರಿತು. 2021ರ ಮಾರ್ಚ್‌ನಲ್ಲಿ ವೈರ್‌ಗಾರ್ಡ್ ಕರ್ತೃ ಜೇಸನ್ ಡೊನೆನ್‌ಫೆಲ್ಡ್ ಆ ಕೋಡನ್ನು ಓದಿ, ಕಾರಣವಿಲ್ಲದ ಕಾಯುವಿಕೆಗಳು, ಏನನ್ನೂ ಪರೀಕ್ಷಿಸದೆ 'ಸರಿ' ಎನ್ನುವ ಫಂಕ್ಷನ್‌ಗಳು, ಮೆಮೊರಿ ಉಕ್ಕುವ ಜಾಗಗಳು ಎಂದು ಪಟ್ಟಿ ಮಾಡಿದರು. ಇನ್ನಿಬ್ಬರೊಂದಿಗೆ ಕುಳಿತು ಸುಮಾರು ಒಂದು ವಾರದಲ್ಲಿ ಹೊಸದಾಗಿ ಬರೆದರು. ಕಂಪನಿ ಇದನ್ನು ತನ್ನ ಮೇಲಿನ ದಾಳಿಯೆಂದು ತೆಗೆದುಕೊಂಡು ಕಟುವಾಗಿ ಉತ್ತರಿಸಿತು. ಎರಡೂ ಕಡೆಯ ಧ್ವನಿ ಹಿತವಾಗಿರಲಿಲ್ಲ. ಆದರೆ ಒಬ್ಬರ ಮಾತಿನಲ್ಲಿ ಪರೀಕ್ಷಿಸಿ ನೋಡಬಹುದಾದ ತಾಂತ್ರಿಕ ಅಂಶಗಳಿದ್ದವು, ಇನ್ನೊಂದು ಕಡೆ ಹೆಚ್ಚಾಗಿ ಅವಮಾನವಾಯಿತೆಂಬ ದೂರಿತ್ತು. ಫ್ರೀಬಿಎಸ್‌ಡಿ 13.0 ಬಿಡುಗಡೆಗೆ ಮೊದಲೇ ಆ ಕೋಡನ್ನು ತೆಗೆದುಹಾಕಿತು. ಪಿಎಫ್‌ಸೆನ್ಸ್ ಕೂಡ ಮುಂದಿನ 2.5.1ರಲ್ಲಿ ಅದನ್ನು ಕೈಬಿಟ್ಟಿತು. ಶಾಖೆಗಳ ನಡುವೆ ಆ ಸುರಂಗವನ್ನೇ ನಂಬಿಕೊಂಡಿದ್ದ ಕಚೇರಿಗಳು ಓಪನ್‌ವಿಪಿಎನ್‌ಗೆ ಅಥವಾ ಐಪಿಸೆಕ್‌ಗೆ ಮರಳಬೇಕಾಯಿತು.

ಇನ್ನು ಕೀ ವಿಷಯ. ಅಪ್‌ಡೇಟ್‌ಗೆ ಸಹಿ ಹಾಕುವ ಕೀ ಒಬ್ಬರ ಬಳಿ ಮಾತ್ರ ಇರುವುದು, ವಿಶ್ವೇಶ್ವರಯ್ಯ ನಾಲೆಯ ತೂಬಿನ ಬೀಗ ಒಬ್ಬನೇ ನೀರಗಂಟಿಯ ಸೊಂಟದಲ್ಲಿ ಇದ್ದಂತೆ: ಆತ ಪ್ರಾಮಾಣಿಕನೇ ಆದರೂ, ಮುನಿಸಿಕೊಂಡ ದಿನ ಕೊನೆಯ ಗದ್ದೆಯವರೆಗೆ ನೀರು ನಿಲ್ಲುತ್ತದೆ. 2018ರಲ್ಲಿ ಕಾಪರ್‌ಹೆಡ್‌ಓಎಸ್ ಎಂಬ ಸುರಕ್ಷಿತ ಆಂಡ್ರಾಯ್ಡ್ ಯೋಜನೆಯಲ್ಲಿ ಆದದ್ದು ಇದೇ. ಇಬ್ಬರು ಸ್ಥಾಪಕರ ನಡುವೆ ವೈಮನಸ್ಸು ಬೆಳೆದು, ಬೇರೆಯವರ ಕೈಗೆ ಹೋಗಬಾರದೆಂದು, ಅವರಲ್ಲಿ ಅಭಿವೃದ್ಧಿಕಾರರಾಗಿದ್ದ ಒಬ್ಬರು ಸಹಿ ಕೀಗಳನ್ನೇ ಅಳಿಸಿಹಾಕಿದರು. ಆಂಡ್ರಾಯ್ಡ್‌ನಲ್ಲಿ ಹಳೆಯ ಕೀಯಿಂದ ಸಹಿಯಾದ ಅಪ್‌ಡೇಟ್ ಮಾತ್ರ ಕೂರುತ್ತದೆ. ಕೀ ಹೋದ ಮೇಲೆ ಆ ಫೋನ್‌ಗಳಿಗೆ ಉಳಿಯುವುದು ಎಲ್ಲ ಅಳಿಸಿ ಹೊಸದಾಗಿ ಹಾಕಿಕೊಳ್ಳುವ ದಾರಿ.

ಆ ಅಭಿವೃದ್ಧಿಕಾರರು ಮುಂದುವರಿಸಿದ ಕೆಲಸವೇ ಇಂದಿನ ಗ್ರಾಫೀನ್‌ಓಎಸ್. ಅದರ ಸುತ್ತ ಬಹಿರಂಗ ಜಗಳಗಳು ಅನೇಕ ನಡೆದವು. 2023ರ ಮೇ ತಿಂಗಳಲ್ಲಿ, ತೀವ್ರ ಕಿರುಕುಳಕ್ಕೆ ಗುರಿಯಾದ ನಂತರ, ಅವರು ಮುಖ್ಯ ಸ್ಥಾನದಿಂದ ಇಳಿಯುವುದಾಗಿ ಹೇಳಿದರು. ಆಗ ಕೇಳಿಬಂದ ಆತಂಕ ಹೀಗಿತ್ತು: ಸಿಟ್ಟಾದ ಅಭಿವೃದ್ಧಿಕಾರ ತನಗಾಗದ ಒಬ್ಬ ವ್ಯಕ್ತಿಯ ಫೋನಿಗೆ ಮಾತ್ರ ಕೆಟ್ಟ ಅಪ್‌ಡೇಟ್ ಕಳಿಸಿದರೆ? ಇದಕ್ಕೆ ಉತ್ತರ ಸ್ವಭಾವದಲ್ಲಿಲ್ಲ, ವಿನ್ಯಾಸದಲ್ಲಿದೆ. ಗ್ರಾಫೀನ್‌ಓಎಸ್ ಅಪ್‌ಡೇಟ್ ಪಡೆಯಲು ಖಾತೆ ಬೇಕಿಲ್ಲ, ಫೋನ್ ತನ್ನ ಗುರುತನ್ನು ಸರ್ವರ್‌ಗೆ ಕಳಿಸುವುದಿಲ್ಲ, ಸರ್ವರ್ ಎಲ್ಲರಿಗೂ ಒಂದೇ ಸ್ಥಿರ ಕಡತ ಕೊಡುತ್ತದೆ. ಐಪಿ ವಿಳಾಸ ಬಿಟ್ಟರೆ ಒಬ್ಬರನ್ನು ಬೇರ್ಪಡಿಸಿ ಗುರಿಯಿಡಲು ಹಿಡಿತ ಸಿಗುವುದಿಲ್ಲ. ವಿಪಿಎನ್ ಮೂಲಕ ಇಳಿಸಿಕೊಂಡರೆ ಅದೂ ಇಲ್ಲ. ಯಾವುದೇ ಭದ್ರತಾ ತಂತ್ರಾಂಶದ ಬಗ್ಗೆ ಕೇಳಬೇಕಾದ ಪ್ರಶ್ನೆ ಇದು: ಮೇಂಟೇನರ್ ಮನಸ್ಸು ಕೆಟ್ಟರೂ ಕೈಕಟ್ಟುವ ವ್ಯವಸ್ಥೆ ಇದೆಯೇ?

ಕೆಲವೊಮ್ಮೆ ಅಂಥ ವ್ಯವಸ್ಥೆ ಇರುವುದಿಲ್ಲ. 2022ರ ಜನವರಿಯಲ್ಲಿ ಕಲರ್ಸ್ ಎಂಬ ಜಾವಾಸ್ಕ್ರಿಪ್ಟ್ ಪ್ಯಾಕೇಜಿನ ಕರ್ತೃ ಅದರಲ್ಲಿ ಮುಗಿಯದ ಲೂಪ್ ಸೇರಿಸಿದ. ದೊಡ್ಡ ಕಂಪನಿಗಳಿಗೆ ಇನ್ನು ಪುಕ್ಕಟೆ ದುಡಿಯುವುದಿಲ್ಲ ಎಂದು 2020ರಲ್ಲೇ ಬಹಿರಂಗವಾಗಿ ಹೇಳಿದ್ದ. 2022ರ ಮಾರ್ಚ್‌ನಲ್ಲಿ ನೋಡ್-ಐಪಿಸಿ ಪ್ಯಾಕೇಜ್ ರಷ್ಯಾ, ಬೆಲಾರಸ್‌ಗಳ ಐಪಿ ವಿಳಾಸವಿದ್ದ ಯಂತ್ರಗಳಲ್ಲಿ ಕಡತಗಳನ್ನು ಅಳಿಸಿ ಬರೆಯುವಂತೆ ಬದಲಾಯಿತು. ಯುದ್ಧದ ವಿರುದ್ಧ ಪ್ರತಿಭಟನೆ ಎಂಬ ಕಾರಣ ಕೊಟ್ಟರೂ ಇದು ಕ್ಷಮಿಸಲಾಗದ ಕೆಲಸ. ಇಲ್ಲಿ ರಕ್ಷಣೆ ನಮ್ಮ ಕೈಯಲ್ಲೇ ಇದೆ. ಯಾವ ಪ್ಯಾಕೇಜಿನ ಯಾವ ಆವೃತ್ತಿ ಎಂದು ದಾಖಲಿಸುವ ಲಾಕ್ ಕಡತದಲ್ಲಿ ಆವೃತ್ತಿಗಳನ್ನು ಕಟ್ಟಿಹಾಕಿ. ಮಾಮೂಲಿ ಅಪ್‌ಡೇಟ್‌ಗಳನ್ನು ಒಂದು ವಾರ ತಡೆದು ತೆಗೆದುಕೊಳ್ಳಿ, ಏಕೆಂದರೆ ಇಂಥ ಕಿತಾಪತಿ ಸಾಮಾನ್ಯವಾಗಿ ಮೊದಲ ದಿನಗಳಲ್ಲೇ ಬಯಲಾಗುತ್ತದೆ. ಸಿವಿಇ ಸಂಖ್ಯೆಯಿರುವ ಭದ್ರತಾ ಪ್ಯಾಚ್‌ಗೆ ಮಾತ್ರ ಆ ಒಂದು ವಾರ ಅನ್ವಯಿಸಬೇಡಿ.

ಮೇಂಟೇನರ್‌ಗಳು ಯಾಕೆ ಸಿಡುಕುತ್ತಾರೆ ಎಂಬುದಕ್ಕೆ ನಮ್ಮ ಪಾಲೂ ಇದೆ, ಮೈಸೂರು ಮಂಡ್ಯದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಇದನ್ನು ಹೇಳಲೇಬೇಕು. 2014ರಲ್ಲಿ ಹಾರ್ಟ್‌ಬ್ಲೀಡ್ ಲೋಪ ಸಿಕ್ಕಾಗ, ಜಗತ್ತಿನ ವೆಬ್ ವ್ಯವಹಾರದ ಬಹುಭಾಗ ಹೊತ್ತಿದ್ದ ಓಪನ್‌ಎಸ್‌ಎಸ್‌ಎಲ್‌ಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್. 2025ರಲ್ಲಿ, ಎಕ್ಸ್‌ಎಂಎಲ್ ಮಾದರಿಯ ಕಡತಗಳನ್ನು ಓದುವ ಲಿಬ್‌ಎಕ್ಸ್‌ಎಂಎಲ್2 ಲೈಬ್ರರಿಯ ಮೇಂಟೇನರ್, ಭದ್ರತಾ ದೋಷಗಳನ್ನು ಇನ್ನು ಗುಟ್ಟಾಗಿ ನಿಭಾಯಿಸುವುದಿಲ್ಲ, ಉಳಿದ ಬಗ್‌ಗಳಂತೆಯೇ ನೋಡುತ್ತೇನೆ ಎಂದು ಘೋಷಿಸಿದರು. ಅದರ ಮೇಲೆ ಮುಕ್ತ ತಂತ್ರಾಂಶಗಳಿಗೆ ಕೋಡ್ ಕೊಟ್ಟವರಿಗೆ ಟೀ ಶರ್ಟ್ ಕೊಡುತ್ತಿದ್ದ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ 2020ರಲ್ಲಿ ಆ ಟೀ ಶರ್ಟ್ ಆಸೆಗೆ, 2024ರ ಆರಂಭದಲ್ಲಿ ಎಕ್ಸ್‌ಪ್ರೆಸ್ ಯೋಜನೆಯಲ್ಲಿ ತಮ್ಮ ಹೆಸರು ಸೇರಿಸಿ ನೋಡುವ ಉಮೇದಿಗೆ, ಭಾರತದ ವಿದ್ಯಾರ್ಥಿಗಳಿಂದ ಹುರುಳಿಲ್ಲದ ಪುಲ್ ರಿಕ್ವೆಸ್ಟ್‌ಗಳು (ಕೋಡ್ ಬದಲಾವಣೆಯ ಕೋರಿಕೆಗಳು) ಪ್ರವಾಹದಂತೆ ಹೋದವು. ಬಯೋಡೇಟಾದಲ್ಲಿ ಒಂದು ಸಾಲು ಹೆಚ್ಚಾಗಬಹುದು, ಅತ್ತ ಒಬ್ಬರ ಸಂಜೆ ಪೂರ್ತಿ ಕಸ ಗುಡಿಸುವುದರಲ್ಲಿ ಹೋಗುತ್ತದೆ. ನಿಜವಾಗಿಯೂ ಕೆಟ್ಟ ಬದಲಾವಣೆಯೊಂದು ಆ ಕಸದ ನಡುವೆ ನುಸುಳುವುದೂ ಸುಲಭ. ಕಾಲೇಜುಗಳಲ್ಲಿ ಇದನ್ನು ಕಲಿಸುವವರು, ಅಭ್ಯಾಸಕ್ಕೆ ತಮ್ಮದೇ ರೆಪೊ (ಕೋಡ್ ಭಂಡಾರ) ಕೊಡಬೇಕು.

ಈಗ ಕಚೇರಿಯ ಸರ್ವರ್ ನೋಡಿಕೊಳ್ಳುವವರು ಏನು ಮಾಡಬಹುದು? ಎಲ್ಲ ಪ್ಯಾಕೇಜ್‌ಗಳ ಹಿಂದೆ ಹೋಗಬೇಡಿ. ಇಂಟರ್ನೆಟ್‌ಗೆ ಮುಖಮಾಡಿರುವವು, ಪಾಸ್‌ವರ್ಡ್ ಮತ್ತು ಬ್ಯಾಕಪ್ ಮುಟ್ಟುವವು, ಇಷ್ಟನ್ನು ಆಯ್ದರೆ ಐದರಿಂದ ಹತ್ತು ಹೆಸರು ಉಳಿಯುತ್ತವೆ. ಒಂದೊಂದಕ್ಕೆ ಒಂದು ಗಂಟೆ ಕೊಡಿ. ಮೊದಲು ರೆಪೊದಲ್ಲಿ ಸೆಕ್ಯೂರಿಟಿ ಕಡತವಿದೆಯೇ, ಗುಟ್ಟಾಗಿ ವರದಿ ಕಳಿಸುವ ವಿಳಾಸವಿದೆಯೇ ನೋಡಿ. ಹಿಂದಿನ ಮೂರು ಭದ್ರತಾ ಪ್ರಕಟಣೆಗಳನ್ನು ತೆರೆದು ವರದಿ ಬಂದ ದಿನ, ಪ್ಯಾಚ್ ಬಂದ ದಿನ ಬರೆದುಕೊಳ್ಳಿ. 90 ದಿನಗಳ ಒಳಗಿದ್ದರೆ ಉದ್ಯಮದ ರೂಢಿಗೆ ಸರಿ. ಗಿಟ್‌ನ ಶಾರ್ಟ್‌ಲಾಗ್ ಎಂಬ ಸಾರಾಂಶ ಪಟ್ಟಿಯಲ್ಲಿ ಕಳೆದ ಹನ್ನೆರಡು ತಿಂಗಳು ಯಾರು ಎಷ್ಟು ಬದಲಾವಣೆ ಮಾಡಿದ್ದಾರೆ ನೋಡಿ. ಎಲ್ಲವೂ ಒಬ್ಬರದೇ ಆಗಿದ್ದರೆ ಅದು ದೋಷವಲ್ಲ, ಆದರೆ ಬದಲಿ ದಾರಿ ಯೋಚಿಸಿಡಬೇಕಾದ ಸೂಚನೆ. ಬಿಡುಗಡೆಗೆ ಸಹಿ ಹಾಕುವವರು ಇತ್ತೀಚೆಗೆ ಬದಲಾಗಿದ್ದರೆ, ಹಳೆಯ ಕೀಯಿಂದ ಹೊಸ ಕೀಗೆ ಸಹಿ ಆಗಿದೆಯೇ, ಹಳಬರು ಅದನ್ನು ತಾವೇ ಹೇಳಿದ್ದಾರೆಯೇ ಪರೀಕ್ಷಿಸಿ. ಸೋರ್ಸ್‌ನಿಂದ ನೀವೇ ಕಟ್ಟುತ್ತಿದ್ದರೆ ಟಾರ್‌ಬಾಲ್ ಬಿಚ್ಚಿ ಗಿಟ್‌ನಲ್ಲಿ ಅದೇ ಆವೃತ್ತಿಗೆ ಹಾಕಿದ ಗುರುತಿನ, ಅಂದರೆ ಟ್ಯಾಗ್‌ನ, ಜೊತೆ ಹೋಲಿಸಿ. ಬಿಲ್ಡ್ ಸ್ಕ್ರಿಪ್ಟ್‌ಗಳನ್ನು ತಾನಾಗಿ ಬರೆಯುವ ಆಟೊಕಾನ್ಫ್ ಹುಟ್ಟಿಸುವ ಕಡತಗಳು ಹೇಗೂ ಬೇರೆಯಾಗಿರುತ್ತವೆ, ಎಕ್ಸ್‌ಝಡ್ ಹಿಂಬಾಗಿಲು ಬಚ್ಚಿಟ್ಟುಕೊಂಡದ್ದೂ ಆ ಗದ್ದಲದಲ್ಲೇ. ಹಾಗಾಗಿ ನೇರ ಗಿಟ್ ಟ್ಯಾಗ್‌ನಿಂದ ಕಟ್ಟುವುದು ಮೇಲು.

ಕೊನೆಗೆ, ಯೋಜನೆಯ ಪುಟದಲ್ಲಿ ಮುಚ್ಚಿದ ಇಶ್ಯೂಗಳನ್ನು (ದೂರು, ಚರ್ಚೆಗಳನ್ನು) ಕಾಮೆಂಟ್ ಸಂಖ್ಯೆಯ ಪ್ರಕಾರ ಜೋಡಿಸಿ ಮೇಲಿನ ಎರಡು ಮೂರು ಜಗಳಗಳನ್ನು ಪೂರ್ತಿ ಓದಿ. ಕೇಳಿದ ತಾಂತ್ರಿಕ ಪ್ರಶ್ನೆಗೆ ಉತ್ತರ ಸಿಕ್ಕಿದೆಯೇ? ಪುರಾವೆ ಕೊಟ್ಟವರನ್ನು ಬ್ಲಾಕ್ ಮಾಡಲಾಗಿದೆಯೇ? ಹಳೆಯ ವರದಿಗಾರರು ಮತ್ತೆ ವರದಿ ತಂದಿದ್ದಾರೆಯೇ? ಮರಳಿ ಬಂದವರಿದ್ದರೆ, ಮೇಂಟೇನರ್ ಎಷ್ಟೇ ಬಿರುಸಾಗಿದ್ದರೂ ಯೋಜನೆ ಬದುಕಿದೆ.

ಅನುಮಾನ ಗಟ್ಟಿಯಾದರೆ ಅವತ್ತೇ ಕಿತ್ತೊಗೆಯುವುದು ಅಪಾಯ. ಬಿಟ್ಟುಬರುವ ಖರ್ಚು ಒಂದೊಂದರದು ಒಂದೊಂದು ರೀತಿ. ಕೀಪಾಸ್‌ನಿಂದ ಕೀಪಾಸ್‌ಎಕ್ಸ್‌ಸಿ ಎಂಬ ಬೇರೆ ತಂತ್ರಾಂಶಕ್ಕೆ, ಪಾಸ್‌ವರ್ಡ್‌ಗಳಿರುವ ಅದೇ ಕೆಡಿಬಿಎಕ್ಸ್ ಕಡತ ಎತ್ತಿಕೊಂಡು ಹೋಗಬಹುದು, ಹತ್ತು ನಿಮಿಷದ ಕೆಲಸ. ಡಿಸ್ಕ್ ಗೂಢಲಿಪಿ ಹಾಗಲ್ಲ. 2014ರ ಮೇ 28ರಂದು, ಡಿಸ್ಕನ್ನು ಗೂಢಲಿಪಿಗೊಳಿಸುವ ಟ್ರೂಕ್ರಿಪ್ಟ್‌ನ ಅನಾಮಧೇಯ ಕರ್ತೃಗಳು 'ಇದು ಸುರಕ್ಷಿತವಲ್ಲ' ಎಂದು ಫಲಕ ಹಾಕಿ, ಬಿಚ್ಚಲು ಮಾತ್ರ ಬರುವ 7.2 ಆವೃತ್ತಿ ಬಿಟ್ಟು ಹೊರಟುಹೋದರು. ಮನವರಿಕೆಯಾಗುವ ಕಾರಣ ಹೇಳಲಿಲ್ಲ. 2015ರಲ್ಲಿ ಮುಗಿದ ಸ್ವತಂತ್ರ ಆಡಿಟ್ ಉದ್ದೇಶಪೂರ್ವಕ ಹಿಂಬಾಗಿಲು ಯಾವುದೂ ಇಲ್ಲವೆಂದಿತು. ಆದರೆ ಆ ನಡುವಿನ ತಿಂಗಳುಗಳಲ್ಲಿ ಅವಸರಕ್ಕೆ ಬಿದ್ದವರಿಗೆ ದತ್ತಾಂಶ ಕಳೆದುಕೊಳ್ಳುವ ಅಪಾಯವೇ ದೊಡ್ಡದಿತ್ತು. ಇಂಥ ಸ್ಥಳಾಂತರ ಬಂದರೆ ಇದ್ದ ಡಿಸ್ಕಿನ ಮೇಲೆಯೇ ಮಾಡಬೇಡಿ. ಮಂಡ್ಯದ ಹಳ್ಳಿ ಕಡೆ ಮಧ್ಯಾಹ್ನ ಕರೆಂಟ್ ಹೋದರೆ, ಯುಪಿಎಸ್ ಬ್ಯಾಟರಿ ಹಳತಾಗಿದ್ದರೆ, ಅರ್ಧ ಬದಲಾದ ಡಿಸ್ಕ್ ಅಲ್ಲೇ ನಿಲ್ಲುತ್ತದೆ. ಹೊಸ ಡಿಸ್ಕಿನಲ್ಲಿ ವೆರಾಕ್ರಿಪ್ಟ್ ಅಥವಾ ಲಕ್ಸ್ ಸಿದ್ಧಪಡಿಸಿ, ನಕಲು ಮಾಡಿ, ನಕಲು ಸರಿಯಾಗಿದೆಯೇ ಎಂದು ತೋರಿಸುವ ಚೆಕ್‌ಸಮ್ ಹೋಲಿಸಿ, ಒಂದು ತಿಂಗಳು ಕಳೆದ ಮೇಲೆ ಹಳೆಯದನ್ನು ಅಳಿಸಿ.

ಕಾನೂನಿನ ಕಡೆಯಿಂದಲೂ ಒಂದಿಷ್ಟು ಸಿದ್ಧತೆ ಬೇಕು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದ ಪ್ರಕಾರ ಸೈಬರ್ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕು, ಲಾಗ್‌ಗಳನ್ನು 180 ದಿನ ಇಟ್ಟಿರಬೇಕು. ಎಕ್ಸ್‌ಝಡ್‌ನಂಥ ಸುದ್ದಿ ಶುಕ್ರವಾರ ರಾತ್ರಿ ಬಂದರೆ, ಯಾವ ಯಂತ್ರದಲ್ಲಿ ಯಾವ ಆವೃತ್ತಿ ಇದೆ ಎಂದು ಹೇಳಲು ಪಟ್ಟಿ ಮೊದಲೇ ಇದ್ದರೆ ಮಾತ್ರ ಆ 6 ಗಂಟೆ ಸಾಕಾಗುತ್ತದೆ. ಪ್ಯಾಕೇಜ್ ಮ್ಯಾನೇಜರ್‌ನ ಪಟ್ಟಿಯನ್ನು ವಾರಕ್ಕೊಮ್ಮೆ ಬೇರೊಂದು ಯಂತ್ರಕ್ಕೆ ಬರೆಯುವ, ಗೊತ್ತಾದ ಹೊತ್ತಿಗೆ ತಾನಾಗಿ ಓಡುವ ಕ್ರಾನ್ ಕೆಲಸವೊಂದು ಇದಕ್ಕೆ ಸಾಕು.

ನಿಮಗೇ ಲೋಪ ಸಿಕ್ಕಿದರೆ ಬಹಿರಂಗ ಇಶ್ಯೂ ತೆರೆಯಬೇಡಿ. ಸೆಕ್ಯೂರಿಟಿ ಕಡತದಲ್ಲಿರುವ ವಿಳಾಸಕ್ಕೆ ಆವೃತ್ತಿ, ಡಿಸ್ಟ್ರೊ, ಮರುಕಳಿಸುವ ಹಂತಗಳು, ನಿಮಗೆ ಕಂಡ ಪರಿಣಾಮ, ಇಷ್ಟನ್ನು ಒಂದು ಪುಟದಲ್ಲಿ ಬರೆಯಿರಿ. ನೀವೇ ಓಡಿಸಿ ನೋಡದ, ಎಐ ಬರೆದುಕೊಟ್ಟ ವಿವರಣೆ ಬೇಡವೇ ಬೇಡ. ಎರಡು ವಾರ ಉತ್ತರ ಬಾರದಿದ್ದರೆ ಒಮ್ಮೆ ನೆನಪಿಸಿ. ಆಮೇಲೂ ಮೌನವಾದರೆ ನಿಮ್ಮ ಡಿಸ್ಟ್ರೊದ ಭದ್ರತಾ ತಂಡಕ್ಕೆ ಅಥವಾ ಸರ್ಟ್-ಇನ್‌ಗೆ ಬರೆಯಿರಿ, ಮೇಂಟೇನರ್‌ಗೆ ಮೊದಲು ಬರೆದ ದಿನಾಂಕವನ್ನೂ ಸೇರಿಸಿ.